ಯಾವ ಬ್ರೆಸ್ಟ್ ಪಂಪ್ ಕೊಳ್ಳಲಿ? ಮೊದಲು ಆಫೀಸಿಗೆ ಕೇಳಿ ನೋಡಿ

ಹೆರಿಗೆ ರಜೆ ಮುಗಿಯಲು ಒಂದು ತಿಂಗಳು ಇದೆ ಅನ್ನುವಾಗ ಕೆಲಸಕ್ಕೆ ಹೋಗುವ ತಾಯಂದಿರು ಕೇಳುವ ಪ್ರಶ್ನೆ ಒಂದೇ: ‘ಯಾವ ಬ್ರೆಸ್ಟ್ ಪಂಪ್ ತಗೊಳ್ಲಿ?’ ನನ್ನ ಮಗಳಿಗೆ ಈಗ ಹನ್ನೊಂದು ತಿಂಗಳು. ನಾನು ಆಫೀಸಲ್ಲಿ ದಿನಕ್ಕೆ ಎರಡು ಸಲ ಹಾಲು ತೆಗೆದಿಡುತ್ತೇನೆ ಅಂತ ಗೊತ್ತಾದ ಮೇಲೆ ಗೆಳತಿಯರು, ಗೆಳತಿಯರ ಅಕ್ಕತಂಗಿಯರು ಫೋನ್ ಮಾಡಿ ಇದನ್ನೇ ಕೇಳುತ್ತಾರೆ. ನಾನು ಬ್ರ್ಯಾಂಡ್ ಹೆಸರು ಹೇಳುವುದಿಲ್ಲ. ತಿರುಗಿ ನಾಲ್ಕು ಪ್ರಶ್ನೆ ಕೇಳುತ್ತೇನೆ. ಮಗುವಿನಿಂದ ಎಷ್ಟು ಗಂಟೆ ದೂರ ಇರುತ್ತೀರಿ? ಕೆಲಸದ ಜಾಗದಲ್ಲಿ ಚಿಲಕ ಹಾಕಿಕೊಳ್ಳುವ ಕೋಣೆ ಇದೆಯಾ? ಫ್ರಿಜ್ ಇದೆಯಾ? ಇಪ್ಪತ್ತು ನಿಮಿಷ ಸೀಟು ಬಿಟ್ಟು ಎದ್ದರೆ ಯಾರೂ ಮುಖ ಸಿಂಡರಿಸುವುದಿಲ್ಲ ತಾನೆ?

ಈ ನಾಲ್ಕಕ್ಕೂ ಉತ್ತರ ಸಿಕ್ಕರೆ ಪಂಪ್ ಆರಿಸುವುದು ಹತ್ತು ನಿಮಿಷದ ಕೆಲಸ. ಉತ್ತರ ಇಲ್ಲ ಅಂದರೆ ಎಷ್ಟೇ ದುಬಾರಿ ಪಂಪ್ ತಂದರೂ ಅದು ಅಲಮಾರಿಯಲ್ಲೇ ಉಳಿಯುತ್ತೆ. ಇದನ್ನ ಬರೀ ಹೆಂಗಸರ ಶಾಪಿಂಗ್ ವಿಷಯ ಅಂತ ನೋಡಬೇಡಿ. ಇದು ಕೆಲಸದ ಸಮಯದ ಪ್ರಶ್ನೆ, ಕಾರ್ಮಿಕ ಕಾನೂನಿನ ಪ್ರಶ್ನೆ.

ಲೆಕ್ಕ ಎಲ್ಲಿ ತಪ್ಪುತ್ತೆ?

ಮೊದಲ ಆರು ತಿಂಗಳು ಮಗುವಿಗೆ ಎದೆಹಾಲು ಮಾತ್ರ ಕೊಡಿ, ನೀರೂ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ನಮ್ಮ ಆರೋಗ್ಯ ಇಲಾಖೆಯೂ ಹೇಳುತ್ತವೆ. ಅಂಗನವಾಡಿ ಗೋಡೆಗಳ ಮೇಲೂ ಇದೇ ಮಾತು ಇರುತ್ತೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಆರು ತಿಂಗಳೊಳಗಿನ ಮಕ್ಕಳಲ್ಲಿ ಎದೆಹಾಲನ್ನು ಮಾತ್ರ ಕುಡಿಯುತ್ತಿರುವವರು 63.7%. ಅಂದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳಿಗೆ ಅದು ಸಿಗುತ್ತಿಲ್ಲ.

ಈಗ ರಜೆಯ ಲೆಕ್ಕ ನೋಡಿ. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ಹೆರಿಗೆ ರಜೆ 26 ವಾರ. ಅದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. 26 ವಾರ ಅಂದರೆ 182 ದಿನ, ಹೆಚ್ಚುಕಡಿಮೆ ಆರು ತಿಂಗಳು. ಹೆರಿಗೆ ನೋವು ಬರುವ ದಿನದವರೆಗೂ ಕೆಲಸ ಮಾಡಿ, ಎಲ್ಲ ರಜೆಯನ್ನೂ ಆಮೇಲೆ ತೆಗೆದುಕೊಂಡವರಿಗೆ ಮಾತ್ರ ಈ ಲೆಕ್ಕ ಸರಿಹೋಗುತ್ತೆ. ಕಾಲು ಊದಿಕೊಂಡು, ಬಿಪಿ ಏರಿ, ಡಾಕ್ಟರು ರೆಸ್ಟ್ ಮಾಡಿ ಅಂದಿದ್ದಕ್ಕೆ 8 ವಾರ ಮುಂಚೆ ರಜೆ ಹಾಕಿದವರು ಆಫೀಸಿಗೆ ವಾಪಸ್ ಬರುವಾಗ ಮಗುವಿಗೆ ಬರೀ 18 ವಾರ. ನಾಲ್ಕು ತಿಂಗಳು ತುಂಬಿ ಕೆಲವೇ ದಿನ ಆಗಿರುತ್ತೆ. ಮೂರನೇ ಮಗುವಾದರೆ ಒಟ್ಟು ರಜೆಯೇ 12 ವಾರ.

ಈ ನಡುವಿನ ವಾರಗಳನ್ನು ತುಂಬಿಸಲು ಮಾರುಕಟ್ಟೆ ಕೊಟ್ಟಿರುವ ಉತ್ತರವೇ ಪಂಪ್. ಆರು ತಿಂಗಳ ಮೇಲೂ ಅದರ ಕೆಲಸ ಮುಗಿಯಲ್ಲ, ಯಾಕೆಂದರೆ ಎರಡು ವರ್ಷ ಮತ್ತು ಅದಕ್ಕೂ ಮೇಲೆ, ಬೇರೆ ಆಹಾರದ ಜೊತೆ ಎದೆಹಾಲು ಮುಂದುವರಿಸಿ ಅನ್ನುವುದು ಸಲಹೆ.

ಪಂಪ್ ಏನು ಮಾಡುತ್ತೆ?

ಮಗು ಬಾಯಿ ಹಾಕಿದ ತಕ್ಷಣ ಹಾಲು ಸುರಿಯುವುದಿಲ್ಲ. ಮೊದಲು ಸಣ್ಣಸಣ್ಣದಾಗಿ, ಬೇಗಬೇಗ ಚೀಪುತ್ತೆ. ಆ ಸ್ಪರ್ಶಕ್ಕೆ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಅನ್ನೋ ಹಾರ್ಮೋನ್ ಬಿಡುಗಡೆಯಾಗಿ ಹಾಲು ಇಳಿಯುತ್ತೆ. ನಮ್ಮ ಕಡೆ ‘ಸೊರೆ ಬಿಡೋದು’ ಅನ್ನುತ್ತಾರಲ್ಲ, ಅದೇ. ಆಮೇಲೆ ಮಗು ನಿಧಾನವಾಗಿ, ಆಳವಾಗಿ ಎಳೆಯುತ್ತೆ. ಒಳ್ಳೆಯ ಎಲೆಕ್ಟ್ರಿಕ್ ಪಂಪ್ ಮಾಡುವುದು ಇದರ ಅನುಕರಣೆ. ಮೊದಲ ಒಂದೆರಡು ನಿಮಿಷ ಹಗುರವಾಗಿ, ವೇಗವಾಗಿ. ನಂತರ ನಿಧಾನವಾಗಿ, ಸ್ವಲ್ಪ ಬಲವಾಗಿ. ಈ ಎರಡು ಹಂತ ಇಲ್ಲದ ಪಂಪಿಗೆ ದುಡ್ಡು ಹಾಕಬೇಡಿ.

ಇನ್ನೊಂದು ವಿಷಯ. ಎದೆ ಎಷ್ಟು ಖಾಲಿಯಾಗುತ್ತೋ ಅಷ್ಟು ಬೇಗ ಹಾಲು ಉತ್ಪತ್ತಿಯಾಗುತ್ತೆ. ತುಂಬಿಯೇ ಇದ್ದರೆ ‘ಇನ್ನು ಸಾಕು’ ಅಂತ ಮೈ ತಿಳಿದುಕೊಂಡು ಉತ್ಪಾದನೆ ಇಳಿಸುತ್ತೆ. ಬೆಳಗ್ಗೆ ಎಂಟಕ್ಕೆ ಹಾಲುಣಿಸಿ ಹೊರಟು ಸಂಜೆ ಏಳಕ್ಕೆ ಮನೆ ಸೇರುವವಳು ನಡುವೆ ಹಾಲು ತೆಗೆಯದೇ ಇದ್ದರೆ ಎರಡು ಆಗುತ್ತೆ. ಮೊದಲು ಹಾಲು ಕಟ್ಟಿ ಎದೆ ಕಲ್ಲಿನಂತಾಗುತ್ತೆ, ಕೆಲವರಿಗೆ ಜ್ವರ ಬರುವಷ್ಟು ಬಾವು ಬರುತ್ತೆ. ಆಮೇಲೆ ಕೆಲವು ವಾರಗಳಲ್ಲಿ ಹಾಲೇ ಕಡಿಮೆಯಾಗುತ್ತೆ. ‘ಕೆಲಸಕ್ಕೆ ಹೋದ ಮೇಲೆ ನಂಗೆ ಹಾಲೇ ಬರ್ಲಿಲ್ಲ’ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಬಹಳ ಸಲ ಅಲ್ಲಿ ಇಲ್ಲದಿದ್ದುದು ಹಾಲಲ್ಲ, ಬಿಡುವು.

ಬೇಕಾ, ಬೇಡವಾ?

ಎಲ್ಲರಿಗೂ ಪಂಪ್ ಬೇಕಿಲ್ಲ. ಮಗುವಿನ ಜೊತೆಯೇ ಇದ್ದು, ಅದು ಚೆನ್ನಾಗಿ ಕುಡಿಯುತ್ತಿದ್ದರೆ ಪಂಪ್ ಯಾಕೆ? ‘ಹಾಲು ಎಷ್ಟಿದೆ ನೋಡೋಣ’ ಅಂತ ಪಂಪ್ ಮಾಡಿ ಅಳೆಯುವುದೂ ಸರಿಯಾದ ಲೆಕ್ಕ ಅಲ್ಲ. ಮಗು ಎಳೆದುಕೊಳ್ಳುವಷ್ಟು ಚೆನ್ನಾಗಿ ಯಂತ್ರ ಎಳೆಯುವುದಿಲ್ಲ. ಮಗು ದಿನಕ್ಕೆ ಎಷ್ಟು ಸಲ ಉಚ್ಚೆ ಮಾಡುತ್ತೆ, ತೂಕ ಹೇಗೆ ಏರುತ್ತಿದೆ ಅನ್ನುವುದೇ ನಂಬಬಹುದಾದ ಅಳತೆ.

ಹೆರಿಗೆಯಾದ ಮೊದಲ ದಿನಗಳಲ್ಲಿ ಬರುವ ದಪ್ಪ, ಹಳದಿ ಹಾಲು ಚಮಚದ ಲೆಕ್ಕದಲ್ಲಿ ಇರುತ್ತೆ. ಪಂಪಿನಲ್ಲಿ ಅದು ಅಂಟಿಕೊಂಡೇ ಉಳಿದುಬಿಡುತ್ತೆ. ಅದಕ್ಕೆ ಕೈಯೇ ಒಳ್ಳೆಯದು. ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ ಇಟ್ಟು, ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಹಿಂದಕ್ಕೆ ಎದೆಗೂಡಿನ ಕಡೆ ಒತ್ತಿ, ಆಮೇಲೆ ಬೆರಳುಗಳನ್ನು ಹತ್ತಿರ ತರಬೇಕು. ತೊಟ್ಟನ್ನೇ ಹಿಂಡಬಾರದು. ಆಸ್ಪತ್ರೆಯ ನರ್ಸ್ ಹತ್ತಿರ ಇದನ್ನು ಕೇಳಿ ಕಲಿತುಕೊಳ್ಳಿ. ಖರ್ಚಿಲ್ಲ, ಕರೆಂಟ್ ಬೇಕಿಲ್ಲ, ಪಂಪ್ ಕೈಕೊಟ್ಟ ದಿನ ಇದೇ ಆಸರೆ.

ಅವಧಿಗೆ ಮುನ್ನ ಹುಟ್ಟಿ ಎನ್‌ಐಸಿಯುನಲ್ಲಿರುವ ಮಗುವಿನ ತಾಯಿಯ ಕತೆ ಬೇರೆ. ಆಕೆ ಹೆರಿಗೆಯಾದ ಮೊದಲ ಗಂಟೆಗಳಿಂದಲೇ ಶುರು ಮಾಡಿ, ದಿನಕ್ಕೆ ಎಂಟು ಸಲವಾದರೂ ಹಾಲು ತೆಗೆಯಬೇಕಾಗುತ್ತೆ. ಅಲ್ಲಿ ಎರಡೂ ಕಡೆ ಒಟ್ಟಿಗೆ ಎಳೆಯುವ, ಆಸ್ಪತ್ರೆ ದರ್ಜೆಯ ಪಂಪ್ ಬೇಕು. ಅದನ್ನು ಕೊಳ್ಳುವುದಕ್ಕಿಂತ ಆಸ್ಪತ್ರೆಯಲ್ಲೇ ಬಳಸಲು ಕೇಳಿ, ಇಲ್ಲವೇ ಬಾಡಿಗೆಗೆ ತೆಗೆದುಕೊಳ್ಳಿ.

ಯಾವುದು ಯಾರಿಗೆ?

*ಕೈಪಂಪ್:* ಹಿಡಿಯನ್ನು ಒತ್ತುತ್ತಾ ಎಳೆಯುವಂಥದ್ದು. ಬೆಲೆ ಎಲ್ಲಕ್ಕಿಂತ ಕಡಿಮೆ, ಸದ್ದಿಲ್ಲ. ವಾರಕ್ಕೆ ಒಂದೆರಡು ಸಲ ಹೊರಗೆ ಹೋಗುವವರಿಗೆ ಸಾಕು. ದಿನಕ್ಕೆ ಎರಡು ಮೂರು ಸಲ ಅಂದರೆ ಮಣಿಕಟ್ಟು ನೋಯುತ್ತೆ.

*ಸಿಂಗಲ್ ಎಲೆಕ್ಟ್ರಿಕ್:* ಒಂದು ಸಲಕ್ಕೆ ಒಂದು ಕಡೆ. ಎರಡೂ ಕಡೆ ಮುಗಿಸಲು ಅರ್ಧ ಗಂಟೆಗೂ ಹೆಚ್ಚು ಹಿಡಿಯಬಹುದು. ಮನೆಯಿಂದಲೇ ಕೆಲಸ ಮಾಡುವವರಿಗೆ, ದಿನಕ್ಕೆ ಒಂದು ಸಲ ತೆಗೆಯುವವರಿಗೆ ಪರವಾಗಿಲ್ಲ.

*ಡಬಲ್ ಎಲೆಕ್ಟ್ರಿಕ್:* ಎರಡೂ ಕಡೆ ಒಟ್ಟಿಗೆ. 15ರಿಂದ 20 ನಿಮಿಷದಲ್ಲಿ ಮುಗಿಯುತ್ತೆ. ದಿನಕ್ಕೆ ಎಂಟೊಂಬತ್ತು ಗಂಟೆ ಮನೆಯಿಂದ ಹೊರಗಿರುವವರಿಗೆ ನಾನು ಹೇಳುವುದು ಇದನ್ನೇ. ನಾನು ಬಳಸುವುದೂ ಇದೇ. ಇಲ್ಲಿ ಹೆಚ್ಚು ಕೊಟ್ಟ ದುಡ್ಡಿಗೆ ಸಿಗುವುದು ಸಮಯ.

*ಬಟ್ಟೆಯೊಳಗೆ ಧರಿಸುವ ಪಂಪ್:* ವೈರ್ ಇಲ್ಲ, ಬ್ರಾ ಒಳಗೇ ಕೂರುತ್ತೆ. ಮೀಟಿಂಗ್‌ನಲ್ಲಿ ಕೂತೇ ಪಂಪ್ ಮಾಡಬಹುದು ಅನ್ನುವುದು ಜಾಹೀರಾತಿನ ಮಾತು. ಪ್ರತ್ಯೇಕ ಕೋಣೆ ಸಿಗದವರಿಗೆ, ಓಡಾಡಿಕೊಂಡು ಕೆಲಸ ಮಾಡುವವರಿಗೆ ಇದು ನಿಜಕ್ಕೂ ಅನುಕೂಲ. ಆದರೆ ಬಾಗಿದರೆ ಚೆಲ್ಲಬಹುದು, ಸರಿಯಾಗಿ ಕೂತಿದೆಯಾ ಅಂತ ನೋಡುವುದು ಕಷ್ಟ. ಹಾಲು ಇನ್ನೂ ಸರಿಯಾಗಿ ಹೊಂದಿಕೊಳ್ಳದ ಮೊದಲ ವಾರಗಳಲ್ಲಿ ಇದೊಂದನ್ನೇ ನೆಚ್ಚಿಕೊಳ್ಳಬೇಡಿ. ಮೀಟಿಂಗ್ ನಡುವೆಯೂ ಪಂಪ್ ಮಾಡಬಹುದು ಅನ್ನುವುದು ‘ಹಾಗಾದರೆ ಬಿಡುವು ಯಾಕೆ ಕೊಡಬೇಕು’ ಅಂತ ಆಗುವುದಕ್ಕೆ ಬಹಳ ದಿನ ಬೇಡ ಅನ್ನುವ ಅನುಮಾನವೂ ನನಗಿದೆ.

ಜಾಹೀರಾತಿನಲ್ಲಿ ಕಾಣದ ಸಂಗತಿಗಳು

ಮೊದಲನೆಯದು, ಅಳತೆ. ಎದೆಗೆ ಹಿಡಿಯುವ ಕೊಳವೆಯಂಥ ಭಾಗಕ್ಕೆ ಫ್ಲೇಂಜ್ ಅನ್ನುತ್ತಾರೆ. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಬರುವುದು 24 ಮಿ.ಮೀ. ಅಥವಾ 28 ಮಿ.ಮೀ. ಆದರೆ ಎಲ್ಲರ ತೊಟ್ಟೂ ಒಂದೇ ಅಳತೆ ಇರಲ್ಲ, ಎಷ್ಟೋ ಜನಕ್ಕೆ ಇದಕ್ಕಿಂತ ಚಿಕ್ಕದು ಬೇಕಾಗುತ್ತೆ. ಸ್ಕೇಲ್ ಇಟ್ಟು ತೊಟ್ಟಿನ ಬುಡದ ಅಗಲ ಅಳೆದುಕೊಳ್ಳಿ. ಪಂಪ್ ಎಳೆಯುವಾಗ ತೊಟ್ಟು ಮಾತ್ರ ಸಲೀಸಾಗಿ ಹಿಂದೆ ಮುಂದೆ ಆಡಬೇಕು. ಅಂಚಿಗೆ ಉಜ್ಜಿದರೆ ಚಿಕ್ಕದಾಯಿತು, ಸುತ್ತಲಿನ ಕಪ್ಪು ಭಾಗವೂ ಜಾಸ್ತಿ ಒಳಗೆ ಹೋದರೆ ದೊಡ್ಡದಾಯಿತು. ನೋವಾದರೆ ‘ಅಭ್ಯಾಸ ಆಗುತ್ತೆ’ ಅಂತ ಸಹಿಸಬೇಡಿ, ಅಳತೆ ಬದಲಿಸಿ. ಬೇರೆ ಅಳತೆಯ ಫ್ಲೇಂಜ್ ಬಿಡಿಯಾಗಿ ಸಿಗದ ಪಂಪ್ ಕೊಳ್ಳಬೇಡಿ.

ಎರಡನೆಯದು, ಎಳೆತದ ಬಲ. ಜಾಹೀರಾತಿನಲ್ಲಿ ‘ಇಷ್ಟು ಎಂಎಂಎಚ್‌ಜಿ’ ಅಂತ ದೊಡ್ಡ ಸಂಖ್ಯೆ ಇರುತ್ತೆ. ಬಲ ಹೆಚ್ಚಾದಷ್ಟೂ ಹಾಲು ಹೆಚ್ಚು ಬರಲ್ಲ. ನೋವಾದರೆ ಸೊರೆ ಬಿಡುವುದೇ ನಿಂತುಹೋಗುತ್ತೆ. ನಿಮಗೆ ಹಿತವಾಗಿರುವ ಮಟ್ಟವೇ ಸರಿಯಾದ ಮಟ್ಟ.

ಮೂರನೆಯದು, ಹಾಲು ಮೋಟರ್ ಕಡೆ ಹೋಗದಂತೆ ತಡೆ ಇದೆಯಾ? ಇದನ್ನು ಕ್ಲೋಸ್ಡ್ ಸಿಸ್ಟಮ್ ಅನ್ನುತ್ತಾರೆ. ತಡೆ ಇಲ್ಲದಿದ್ದರೆ ಹಾಲಿನ ಹನಿ ಟ್ಯೂಬಿನ ಮೂಲಕ ಒಳಗೆ ಹೋಗಿ ಬೂಸಲು ಹಿಡಿಯಬಹುದು, ಅದನ್ನು ತೊಳೆಯಲು ಆಗುವುದಿಲ್ಲ. ಹಾಗಾಗಿ ಅಕ್ಕ ಬಳಸಿದ್ದು, ಆನ್‌ಲೈನಲ್ಲಿ ಅರ್ಧ ಬೆಲೆಗೆ ಬಂದಿದ್ದು ಅಂತ ಹಳೆಯ ಪಂಪ್ ತೆಗೆದುಕೊಳ್ಳುವ ಮುನ್ನ ಯೋಚಿಸಿ. ಬಹುಪಾಲು ಪಂಪ್‌ಗಳು ಒಬ್ಬರ ಬಳಕೆಗೆಂದೇ ಮಾಡಿದವು. ಹಲವರು ಬಳಸಬಹುದಾದದ್ದು ಆಸ್ಪತ್ರೆ ದರ್ಜೆಯದು ಮಾತ್ರ, ಅದಕ್ಕೂ ಪ್ರತಿಯೊಬ್ಬರಿಗೆ ಬೇರೆ ಕಿಟ್ ಬೇಕು.

ನಾಲ್ಕನೆಯದು, ಬಿಡಿಭಾಗ. ಪುಟ್ಟ ರಬ್ಬರ್ ವಾಲ್ವ್ ಸವೆದರೆ ಎಳೆತವೇ ಹೋಗುತ್ತೆ. ದಿನಾ ಬಳಸುವವರು ಕೆಲವು ತಿಂಗಳಿಗೊಮ್ಮೆ ಬದಲಿಸಬೇಕಾಗುತ್ತೆ. ನೀವಿರುವುದು ಬೆಂಗಳೂರಾಗಲಿ, ಸಿಂಧನೂರಾಗಲಿ, ಅದು ನಿಮ್ಮ ಊರಿಗೆ ಬರುತ್ತಾ ಅಂತ ಮೊದಲೇ ನೋಡಿ. ಚಾರ್ಜ್ ಮಾಡಬಹುದಾದ ಬ್ಯಾಟರಿ ಇರಲಿ, ಕರೆಂಟ್ ಹೋಗುವ ಸಮಯ ನಮ್ಮ ಕೈಲಿಲ್ಲ.

ತೆಗೆದ ಹಾಲನ್ನು ಎಲ್ಲಿಡೋದು?

25 ಡಿಗ್ರಿ ಆಸುಪಾಸಿನ ಕೋಣೆಯಲ್ಲಿ ನಾಲ್ಕು ಗಂಟೆಯವರೆಗೆ, ಫ್ರಿಜ್‌ನಲ್ಲಿ ನಾಲ್ಕು ದಿನದವರೆಗೆ, ಫ್ರೀಜರ್‌ನಲ್ಲಿ ಸುಮಾರು ಆರು ತಿಂಗಳು. ಇದು ಸಾಮಾನ್ಯ ನಿಯಮ. ಆದರೆ ಏಪ್ರಿಲ್ ತಿಂಗಳ ಕಲಬುರಗಿ, ರಾಯಚೂರಿನಲ್ಲಿ ಕೋಣೆ 25 ಡಿಗ್ರಿ ಇರುತ್ತಾ? ಅಲ್ಲಿ ಫ್ರಿಜ್ ಇಲ್ಲವೇ ಐಸ್ ಪ್ಯಾಕ್ ಇಟ್ಟ ಚೀಲವೇ ಗತಿ. ಫ್ರಿಜ್ ಬಾಗಿಲಲ್ಲಿ ಇಡಬೇಡಿ, ಹಿಂಬದಿಯಲ್ಲಿ ಇಡಿ. ಡಬ್ಬಿಯ ಮೇಲೆ ತಾರೀಖು ಬರೆಯಿರಿ. ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ, ಒಲೆಯ ಮೇಲಾಗಲಿ ಮೈಕ್ರೋವೇವ್‌ನಲ್ಲಾಗಲಿ ಕಾಯಿಸಬೇಡಿ. ಒಮ್ಮೆ ಕರಗಿದ ಹಾಲನ್ನು ಮತ್ತೆ ಗಟ್ಟಿ ಮಾಡಬೇಡಿ. ಪಂಪಿನ ಭಾಗಗಳನ್ನು ಬೇರೆ ಪಾತ್ರೆಯಲ್ಲಿ ಸೋಪು ಹಾಕಿ ತೊಳೆದು ಗಾಳಿಗೆ ಒಣಗಿಸಿ. ಆಫೀಸಿನ ಸಿಂಕಿನೊಳಗೆ ಹಾಗೇ ಇಡಬೇಡಿ.

ಕುಡಿಸಲು ಬಾಟಲಿಯೇ ಬೇಕೆಂದಿಲ್ಲ. ಒಳಲೆ ನಮ್ಮಲ್ಲಿ ಮೊದಲಿಂದ ಇದೆ, ಪುಟ್ಟ ಲೋಟ, ಚಮಚವೂ ಆಗುತ್ತೆ. ಅತ್ತೆಗೋ ಅಮ್ಮನಿಗೋ ಈ ಕೆಲಸ ಬಾಟಲಿಗಿಂತ ಚೆನ್ನಾಗಿ ಗೊತ್ತಿರುತ್ತೆ. ಹಾಲಿನ ಬಾಟಲಿ, ಹಾಲಿನ ಪುಡಿಗಳ ಜಾಹೀರಾತಿಗೆ 1992ರ ಕಾನೂನು ನಿಷೇಧ ಹಾಕಿದೆ. ಪಂಪ್ ಅದರ ವ್ಯಾಪ್ತಿಯಲ್ಲಿ ಇಲ್ಲ. ಮಗು ಹುಟ್ಟಿದ ವಾರದಿಂದಲೇ ನಿಮ್ಮ ಫೋನಿನ ತುಂಬ ಪಂಪ್ ಜಾಹೀರಾತು ಬರುವುದು ಅದಕ್ಕೇ.

ಕಾನೂನು ಕೊಟ್ಟದ್ದೇನು, ಬಿಟ್ಟದ್ದೇನು?

1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಒಂದು ಒಳ್ಳೆಯ ಅಂಶ ಇತ್ತು. ಕೆಲಸಕ್ಕೆ ಮರಳಿದ ತಾಯಿಗೆ, ಮಗುವಿಗೆ 15 ತಿಂಗಳು ತುಂಬುವವರೆಗೆ, ಸಾಮಾನ್ಯ ವಿರಾಮದ ಜೊತೆಗೆ ದಿನಕ್ಕೆ ಎರಡು ಹಾಲುಣಿಸುವ ಬಿಡುವು ಕೊಡಬೇಕು. 2017ರಲ್ಲಿ, 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದು ಅಂತ ಸೇರಿಸಿದರು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಅಂಶಗಳು ಉಳಿದಿವೆ. ನಿಮ್ಮ ಆಫೀಸಿನ ಎಚ್‌ಆರ್‌ಗೆ ಇದು ಗೊತ್ತಿದೆಯಾ? ಕೇಳಿ ನೋಡಿ.

ಸಮಸ್ಯೆ ಇರುವುದು ಆ ಅಂಶದ ಹಿಂದಿನ ಕಲ್ಪನೆಯಲ್ಲಿ. ಮಗು ಹತ್ತಿರದಲ್ಲೇ ಇರುತ್ತೆ, ತಾಯಿ ಎದ್ದು ಹೋಗಿ ಹಾಲುಣಿಸಿ ಬರುತ್ತಾಳೆ ಅನ್ನುವುದು ಆ ಕಲ್ಪನೆ. ಗಣಿ ಮತ್ತು ಸರ್ಕಸ್ ಕೆಲಸಗಾರರಿಗೆಂದು 1963ರಲ್ಲಿ ಮಾಡಿದ ನಿಯಮಗಳಲ್ಲಿ ಈ ಬಿಡುವು ತಲಾ 15 ನಿಮಿಷ. ಮಗು ಪಕ್ಕದ ಡೇರೆಯಲ್ಲಿದ್ದರೆ ಸಾಕಾಗಬಹುದು. ಮಗು ಕೆಂಗೇರಿಯಲ್ಲಿ, ಆಫೀಸು ವೈಟ್‌ಫೀಲ್ಡಿನಲ್ಲಿ ಇದ್ದರೆ? ಆ ಬಿಡುವು ಬಳಕೆಗೆ ಬರುವುದು ಪಂಪ್ ಮಾಡಲು ಮಾತ್ರ. ಆದರೆ ಹಾಲು ತೆಗೆದಿಡುವ ಬಗ್ಗೆ ಕಾನೂನಿನಲ್ಲಿ ಒಂದು ಮಾತೂ ಇಲ್ಲ. ಕೋಣೆ, ಫ್ರಿಜ್, ಕೈತೊಳೆಯುವ ಜಾಗ ಯಾವುದೂ ಇಲ್ಲ. ನಾನು ಕೆಲಸಕ್ಕೆ ವಾಪಸ್ ಬಂದ ವಾರ ನನಗೆ ತೋರಿಸಿದ ಜಾಗ ಟಾಯ್ಲೆಟ್. ‘ಅಲ್ಲಿ ಕೂತು ನೀವು ಊಟ ಮಾಡ್ತೀರಾ?’ ಅಂತ ಕೇಳಿದ ಮೇಲೆ ಒಂದು ಸ್ಟೋರ್ ರೂಮು ಖಾಲಿಯಾಯಿತು. ಅದರ ಕೀಲಿ ಈಗ ಇನ್ನಿಬ್ಬರು ತಾಯಂದಿರ ಹತ್ತಿರವೂ ಇದೆ.

ನ್ಯಾಯಾಲಯಗಳು ಕಾನೂನಿಗಿಂತ ಒಂದು ಹೆಜ್ಜೆ ಮುಂದಿವೆ. ಎದೆಹಾಲುಣಿಸುವುದು ತಾಯಿಯ ಕಿತ್ತುಕೊಳ್ಳಲಾಗದ ಹಕ್ಕು, ಸಂವಿಧಾನದ 21ನೇ ವಿಧಿಯ ರಕ್ಷಣೆ ಅದಕ್ಕಿದೆ ಅಂತ ಕರ್ನಾಟಕ ಹೈಕೋರ್ಟ್ 2021ರಲ್ಲಿ ಹೇಳಿತು. ಸಾರ್ವಜನಿಕ ಸ್ಥಳಗಳಲ್ಲಿ ಹಾಲುಣಿಸುವ ಕೊಠಡಿಗಳ ವಿಷಯವನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಕೊಂಡಿತು. ಹಕ್ಕು ಅಂತ ಒಪ್ಪಿದ ಮೇಲೆ ಅದಕ್ಕೆ ಬೇಕಾದ ಇಪ್ಪತ್ತು ನಿಮಿಷವನ್ನೂ ನಾಲ್ಕು ಗೋಡೆಯನ್ನೂ ಕೊಡಬೇಕಲ್ಲವೇ?

ಅಮೆರಿಕದಲ್ಲಿ 2010ರ ಆರೋಗ್ಯ ಕಾಯ್ದೆಯಿಂದಾಗಿ ಬಹುತೇಕ ವಿಮೆಗಳು ಪಂಪಿನ ಖರ್ಚು ಕೊಡುತ್ತವೆ. 2022ರಲ್ಲಿ ಬಂದ ಪಂಪ್ ಆ್ಯಕ್ಟ್, ಹೆರಿಗೆಯಾದ ಒಂದು ವರ್ಷದವರೆಗೆ ಹಾಲು ತೆಗೆಯಲು ಬಿಡುವು, ಟಾಯ್ಲೆಟ್ ಅಲ್ಲದ ಖಾಸಗಿ ಜಾಗ ಕೊಡಬೇಕು ಅನ್ನುವ ಹಕ್ಕನ್ನು ಇನ್ನಷ್ಟು ಕೆಲಸಗಾರರಿಗೆ ವಿಸ್ತರಿಸಿತು. ಇದನ್ನು ನಾವು ಕಲಿಯಬೇಕು. ಆದರೆ ಅದೇ ದೇಶದಲ್ಲಿ ರಾಷ್ಟ್ರಮಟ್ಟದ ಸಂಬಳಸಹಿತ ಹೆರಿಗೆ ರಜೆ ಇಲ್ಲ ಅನ್ನುವುದನ್ನೂ ನೋಡಬೇಕು. ಅಲ್ಲಿ ಎಷ್ಟೋ ತಾಯಂದಿರಿಗೆ ಸಿಕ್ಕಿದ್ದು ರಜೆಯ ಬದಲು ಯಂತ್ರ. ಪಂಪ್ ಇರಬೇಕಾದ್ದು ರಜೆಯ ಜೊತೆಗೆ, ರಜೆಯ ಜಾಗದಲ್ಲಲ್ಲ.

ಪಂಪ್ ಉತ್ತರವಾಗದ ಮನೆಗಳು

ಮೇಲಿನದೆಲ್ಲ ಸಂಬಳದ ಚೀಟಿ ಇರುವವರ ಮಾತು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಗಂಟೆಗಿಷ್ಟು ಪೀಸ್ ಅಂತ ಟಾರ್ಗೆಟ್ ಇರುವ ಹೆಣ್ಣುಮಗಳು ಮೆಷಿನ್ ಬಿಟ್ಟು ಏಳುವುದು ಹೇಗೆ? ಆಕೆಗೆ ಬೇಕಾದ್ದು ಫ್ಯಾಕ್ಟರಿ ಒಳಗೆ ನಿಜವಾಗಿ ನಡೆಯುವ ಶಿಶುಪಾಲನಾ ಕೇಂದ್ರ ಮತ್ತು ಎದ್ದು ಹೋದ ಹೊತ್ತನ್ನು ಟಾರ್ಗೆಟ್‌ನಿಂದ ಕಳೆಯುವ ಲೆಕ್ಕ. ನಾಲ್ಕು ಮನೆಯ ಕೆಲಸ ಮಾಡುವ ಬಾಣಂತಿಗೆ 26 ವಾರವೂ ಇಲ್ಲ, ಎರಡು ಬಿಡುವೂ ಇಲ್ಲ. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಸಿಗುವುದು 5,000 ರೂಪಾಯಿ. ಒಂದು ಸಾಧಾರಣ ಡಬಲ್ ಪಂಪಿಗೆ ಹೆಚ್ಚುಕಡಿಮೆ ಅಷ್ಟೇ ಆಗುತ್ತೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆಂದು ಗ್ರಾಮ ಪಂಚಾಯಿತಿಗಳಲ್ಲಿ ಶುರುವಾದ ‘ಕೂಸಿನ ಮನೆ’ಯ ದಾರಿ ಸರಿಯಾದದ್ದು. ಅಲ್ಲಿ ಮಗುವೇ ತಾಯಿಯ ಹತ್ತಿರ ಬರುತ್ತೆ, ಪಂಪಿನ ಮಾತೇ ಬರಲ್ಲ.

ಹಾಗಾಗಿ ಪಂಪ್ ಆರ್ಡರ್ ಮಾಡುವ ಮುನ್ನ ಒಂದು ಇಮೇಲ್ ಬರೆಯಿರಿ. ವಾಪಸ್ ಬರುವ ತಾರೀಖು, ಬೇಕಿರುವ ಎರಡು ಹೊತ್ತು, ಒಳಗಿಂದ ಚಿಲಕ ಹಾಕುವ ಕೋಣೆ, ಒಂದು ಕುರ್ಚಿ, ಒಂದು ಪ್ಲಗ್, ಫ್ರಿಜ್‌ನಲ್ಲಿ ಒಂದು ಮೂಲೆ. ಹಾಲುಣಿಸುವ ಬಿಡುವಿನ ಕಾನೂನನ್ನು ಅದರಲ್ಲೇ ನಮೂದಿಸಿ. ಆಫೀಸಲ್ಲಿ ಇನ್ನೊಬ್ಬರು ಗರ್ಭಿಣಿ ಇದ್ದರೆ ಇಬ್ಬರೂ ಸಹಿ ಹಾಕಿ. ನೀವು ತಾಯಿಯಲ್ಲ, ಬರೀ ಸಹೋದ್ಯೋಗಿ ಅಥವಾ ಯೂನಿಯನ್ ಸದಸ್ಯ ಅಂತಾದರೆ ನೀವೂ ಸಹಿ ಹಾಕಿ. ಬಿಡುವನ್ನು ಹಾಲು ತೆಗೆದಿಡಲೂ ಬಳಸಬಹುದು ಅಂತ ರಾಜ್ಯದ ನಿಯಮಗಳಲ್ಲಿ ಒಂದು ಸಾಲು ಸೇರಿಸಿ ಅಂತ ಕಾರ್ಮಿಕ ಇಲಾಖೆಯನ್ನು ಒತ್ತಾಯಿಸುವುದು ಆಮೇಲಿನ ಹೆಜ್ಜೆ. ಆಫೀಸಿಂದ ಬರುವ ಉತ್ತರ ನೋಡಿಕೊಂಡು ಪಂಪ್ ಆರಿಸಿ. ಕೋಣೆ ಸಿಕ್ಕರೆ ಡಬಲ್ ಎಲೆಕ್ಟ್ರಿಕ್. ಸಿಗದಿದ್ದರೆ, ಸಿಗುವವರೆಗೆ, ಧರಿಸುವ ಪಂಪ್ ಮತ್ತು ಎರಡನೇ ಇಮೇಲ್.